ಅಳದ ಕೂಸು

"ಹನ್ನೆರಡು ದಿನದ ಕೂಸಿಗೆ ಗುಳಿಗಿ? ನಾಳೆ ತೊಟ್ಟಿಲ ಕಾರ್ಯ ಮುಗೀಲಿ, ಆಮ್ಯಾಲ ನೋಡೂಣು," ಎಂದು ರತ್ನಕ್ಕ ಮಗಳ ಕೈಯಿಂದ ಮಾತ್ರೆಯ ಪಟ್ಟಿ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು. ವಿಜಯಪುರದಿಂದ ಬೆಂಗಳೂರಿನ ಕೋಗಿಲಿಗೆ ಬಂದು ಇಪ್ಪತ್ತು ವರ್ಷವಾದರೂ ಅವಳ ಮಾತೂ ಬದಲಾಗಿರಲಿಲ್ಲ, ಹಟವೂ ಬದಲಾಗಿರಲಿಲ್ಲ.

ಮಡಿಲಲ್ಲಿ ಮಗುವಿಟ್ಟುಕೊಂಡ ಐಶ್ವರ್ಯ ಕೈ ಚಾಚಿಯೇ ಕೂತಿದ್ದಳು. ಬೆಳಗ್ಗೆಯಷ್ಟೇ ಯಲಹಂಕದ ಡಾಕ್ಟರು ಬಿಡಿಸಿ ಹೇಳಿದ್ದರು: ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಥೈರಾಯ್ಡ್ ತೀರಾ ಕಡಿಮೆಯಿದೆ, ಅದಿಲ್ಲದೆ ಮಿದುಳು ಸರಿಯಾಗಿ ಬೆಳೆಯುವುದಿಲ್ಲ, ಇವತ್ತಿನಿಂದಲೇ ಮಾತ್ರೆ ಕೊಡಬೇಕು, ಒಂದು ದಿನವೂ ತಪ್ಪಬಾರದು. "ಸಂಬಂಧದಲ್ಲೇ ಮದುವೇನಾ?" ಎಂದೂ ಕೇಳಿದ್ದರು. ಹೌದು, ಗಂಡ ಶಿವಪುತ್ರ ಅವಳ ಸೋದರಮಾವ, ರತ್ನಕ್ಕನ ಖಾಸಾ ತಮ್ಮ. ಪಟ್ಟು ಹಿಡಿದು ಆ ಮದುವೆ ಮಾಡಿಸಿದವಳು ರತ್ನಕ್ಕನೇ. ಅವಳದೂ ಹಾಗೇ ಆದ ಮದುವೆ. ಆ ಪ್ರಶ್ನೆ ಕೇಳಿದಾಗಿನಿಂದ ಅವಳ ಮುಖ ಗಂಟಿಕ್ಕಿತ್ತು.

"ಏನಾಗೇತಿ ಕೂಸಿಗೆ? ಅಳಂಗಿಲ್ಲ, ಕಾಡಂಗಿಲ್ಲ, ಬಂಗಾರದಂಥಾದು. ದಿನಾ ಬಜಿ ಬೇರ ತೇಯ್ದು ನೆಕ್ಕಸ್ತೀನಿ, ನಾಲಿಗಿ ಚಂದ ಹೊರಳ್ತೈತಿ."

"ಚನ್ನೂನೂ ಅಳ್ತಿರ್ಲಿಲ್ಲ, ಬಂಗಾರ ಅಂತಿದ್ದೆ ಅಂತ ನೀನೇ ಹೇಳ್ತೀಯಲ್ಲವ್ವಾ. ಅವನಿಗೂ ಬಜೆ ನೆಕ್ಸಿದ್ದೆ."

ಹೊಸ್ತಿಲ ಬಳಿ ಕೂತಿದ್ದ ಚನ್ನು, ಐಶ್ವರ್ಯಳ ಅಣ್ಣ, ತನ್ನ ಹೆಸರು ಕೇಳಿ ನಕ್ಕ. ಇಪ್ಪತ್ತಾರು ತುಂಬಿದರೂ ಅವನ ಅಂಗಿಯ ಗುಂಡಿ ತಾಯಿಯೇ ಹಾಕಬೇಕು. ಐಶ್ವರ್ಯ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಹಂಗಾರ ನನ್ನ ರಕ್ತಾನ ಕೆಟ್ಟದ್ದೇನ?"

"ನಂದೂ ಅದೇ ರಕ್ತ. ಅದನ್ನ ಬಿಡು, ಮಾತ್ರೆ ಕೊಡು."

ರತ್ನಕ್ಕ ಮಗಳತ್ತ ನೋಡದೆ ಕೇಳಿದಳು: "ಚನ್ನು ಹುಟ್ಟಿದಾಗ ಇತ್ತೇನ ಈ ಗುಳಿಗಿ?"

ಬೆಳಗ್ಗೆ ತಾಯಿ ಹೊರಗೆ ಹೋದಾಗ ಐಶ್ವರ್ಯಳೂ ಡಾಕ್ಟರನ್ನು ಅದನ್ನೇ ಕೇಳಿದ್ದಳು. ಸುಳ್ಳು ಹೇಳಲು ಮನಸ್ಸಾಯಿತು, ಹೇಳಲಿಲ್ಲ.

"ಇತ್ತವ್ವಾ. ನಿಂಗೆ ಹೇಳೋರು ಯಾರೂ ಇರ್ಲಿಲ್ಲ."

ರತ್ನಕ್ಕ ಸೆರಗಿನ ಗಂಟು ಬಿಚ್ಚಿದಳು. ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ಮಗಳ ಎದೆಹಾಲಿನಲ್ಲಿ ಕಲೆಸಿ, ಮಗುವಿನ ತುಟಿಗೆ ಹಿಡಿದಳು. ಚನ್ನು ಎದ್ದು ಬಂದು ಅವಳ ಪಕ್ಕದಲ್ಲಿ ಕೂತು ತಾನೂ ಬಾಯಿ ತೆರೆದ.