ಕೈ ಪಳಗುವ ಸಾಲು

ನಮ್ಮ ಮೈದುನ ಬಾಬಾಸಾಹೇಬನಿಗೆ ಫ್ಲೆಕ್ಸ್ ಹಾಕಿಸುವ ಹುಚ್ಚು. ಮನೆಯ ಎಮ್ಮೆ ಈದರೂ ರಾಯಬಾಗದ ಬಸ್‌ಸ್ಟ್ಯಾಂಡ್ ಮುಂದೆ ಒಂದು ಫ್ಲೆಕ್ಸ್ ಏಳಬೇಕು, ಅದರಲ್ಲಿ ಎಮ್ಮೆಗಿಂತ ಅವನ ಮುಖ ದೊಡ್ಡದಿರಬೇಕು. ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ಅವನು ಹಾಕಿಸಿದ್ದು ನನ್ನ ಮಗಳದು.

ಶೀತಲ ಐದನೆಯ ತರಗತಿ. ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು ಬಂದಿದ್ದಳು. ಟ್ಯೂಷನ್ ಮಾಸ್ತರರು ಪ್ರಶ್ನೆಪತ್ರಿಕೆ ತಿರುವಿ ಹಾಕಿ, ಸೀಟು ಸಿಕ್ಕ ಹಾಗೆಯೇ ಎಂದರು. ಬಾಬಾಸಾಹೇಬನಿಗೆ ಅಷ್ಟೇ ಸಾಕಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ! ಮಗಳ ತಲೆಗೊಂದು ಕಿರೀಟ ಕೂರಿಸಿ, ‘ಹುಟ್ಟು ಜಾಣೆ, ನಮ್ಮ ಮನೆತನದ ಹೆಮ್ಮೆ’ ಎಂದು ಬರೆಸಿ ನಿಲ್ಲಿಸಿಬಿಟ್ಟ. ಆಮೇಲೆ ಫಲಿತಾಂಶ ಬಂತು. ಅವಳ ಹೆಸರಿರಲಿಲ್ಲ.

ಫ್ಲೆಕ್ಸ್ ಮಾತ್ರ ಅಲ್ಲೇ ಇತ್ತು. ಹುಡುಗಿ ಹಿಂದಿನ ಓಣಿ ಸುತ್ತಿ ಶಾಲೆಗೆ ಹೋಗತೊಡಗಿದಳು.

ಸೀಟು ಹೋದರೆ ಹೋಯಿತು, ನನಗೆ ಅದರ ಚಿಂತೆ ಇರಲಿಲ್ಲ. ಹೆದರಿಕೆ ಹುಟ್ಟಿಸಿದ್ದು ಬೇರೆ. ನಾನು ಅಂಕಲಿಯ ಶಾಲೆಯಲ್ಲಿ ಶಿಕ್ಷಕಿ. ದಿನಾ ಬೆಳಿಗ್ಗೆ ಬಸ್ಸಿಗೆ ಓಡುವ ಮುಂಚೆ ಅಡಿಗೆಮನೆ ಗೋಡೆಯ ಕರಿಹಲಗೆ ಮೇಲೆ ಮಗಳಿಗೊಂದು ಲೆಕ್ಕ ಬರೆದಿಟ್ಟು ಹೋಗುತ್ತೇನೆ. ಮೊದಲೆಲ್ಲ ಸಂಜೆ ಬರುವಷ್ಟರಲ್ಲಿ ಸರಿಯೋ ತಪ್ಪೋ ಏನಾದರೂ ಬರೆದಿರುತ್ತಿದ್ದಳು. ಈಗ ಗೊತ್ತಿದ್ದರೆ ಮಾತ್ರ ಬರೆಯುತ್ತಾಳೆ, ಸ್ವಲ್ಪ ತೊಡಕು ಕಂಡರೆ ಸೀಮೆಸುಣ್ಣ ಮುಟ್ಟುವುದಿಲ್ಲ. ಸೈಕಲ್ ಕಲಿಯುವುದೂ ನಿಂತಿತು. ತಪ್ಪುವ ಭಯವಿರುವ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಮಾತು ಕಲಿತಾಗಿನಿಂದ ಈ ಕೂಸು ‘ಹುಷಾರ ಅದಾಳ, ಹುಷಾರ ಅದಾಳ’ ಅಂತಲೇ ಕೇಳಿ ಬೆಳೆದದ್ದು. ತಾನು ಹುಷಾರ ಅಲ್ಲ ಅಂತಾದರೆ ತನ್ನ ಹತ್ತಿರ ಇನ್ನೇನಿದೆ ಎಂದು ಅದು ಹೆದರಿ ಕೂತಿತ್ತು.

ಇಂಥ ಮಕ್ಕಳಿಗೆ ಏನು ಹೇಳಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಜಾಣತನ ಹೊಗಳಬೇಡಿ, ಪ್ರಯತ್ನ ಹೊಗಳಿ. ಶಾಲೆಯಲ್ಲಿ ಹಾಗೇ ಮಾಡುತ್ತೇನೆ. ಆದರೆ ಸಂಜೆ ಬಸ್ಸಿನಲ್ಲಿ ನಿಂತು ಬಂದು, ರೊಟ್ಟಿ ಬಡಿದು, ಉತ್ತರಪತ್ರಿಕೆಯ ಕಟ್ಟು ಬಿಚ್ಚುವ ಹೊತ್ತಿಗೆ ನನ್ನಲ್ಲಿ ಹೇಳುವ ತ್ರಾಣವೇ ಉಳಿದಿರುವುದಿಲ್ಲ. ಒಮ್ಮೆ ಹೇಳಲು ಹೋದೆ.

“ತಪ್ಪಾದ್ರ ಏನಾಗ್ತೈತಿ ಶೀತಲಾ? ತಪ್ಪಿದ್ರನ ಕಲಿಯೂದು.”

“ಅವ್ವಾ, ನಿನ್ನ ಸಾಲಿ ಹುಡುಗೂರಿಗೆ ಹೇಳಿದಂಗ ನನಗ ಹೇಳಬ್ಯಾಡ,” ಎಂದು ಎದ್ದು ಹೋದಳು. ನಾನು ಕೆಂಪು ಪೆನ್ನು ಹಿಡಿದು ಮುಂದಿನ ಉತ್ತರಪತ್ರಿಕೆ ತೆಗೆದೆ. ಸಾಕಾಗಿತ್ತು ನನಗೆ.

ಏಪ್ರಿಲ್‌ನಲ್ಲಿ ಬಸ್‌ಸ್ಟ್ಯಾಂಡಿನ ಆ ಜಾಗಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಂತು. ಬಾಬಾಸಾಹೇಬ ನಮ್ಮದನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಮನೆಗೆ ಬಂದ.

“ವೈನಿ, ಇದನ್ನ ಎಲ್ಲಿ ಇಡ್ಲಿ?” ಎಂದ. ಅವನ ಮುಖ ಬಾಡಿತ್ತು. ಎಲ್ಲಿಡಬೇಕೆಂದು ನಾನು ಹೇಳಿಬಿಡುತ್ತಿದ್ದೆ, ಅಷ್ಟರಲ್ಲಿ ಅತ್ತೆ ರುಕ್ಮವ್ವ ಬಾಯಿ ಹಾಕಿದರು.

“ಇಲ್ಲಿ ತಾ. ಐತವಾರ ಕುರಡಗಿ ಹಾಕಾಕ ಬೇಕಾಗೇತಿ.”

ಬೇಸಿಗೆ ಬಂದರೆ ನಮ್ಮ ಕಡೆ ಮನೆಮನೆಯ ಮಾಳಿಗೆ ಮೇಲೆ ಕುರಡಗಿ ಸಂಡಿಗೆ. ನೆನೆಸಿದ ಗೋಧಿಯ ಹಾಲು ತೆಗೆದು, ಗಟ್ಟಿ ಅಂಬಲಿಯಂತೆ ಕಾಯಿಸಿ, ಬಿಸಿ ಇರುವಾಗಲೇ ಅಚ್ಚಿನಲ್ಲಿ ಸುತ್ತು ಸುತ್ತಾಗಿ ಒತ್ತಿ ಒಣಗಿಸಬೇಕು. ಆರಿದರೆ ಕೆಟ್ಟಿತು. ಐತವಾರ ಅತ್ತೆ ಫ್ಲೆಕ್ಸನ್ನು ಮುಖ ಕೆಳಗೆ ಮಾಡಿ, ಬಿಳಿ ಬೆನ್ನು ತೊಳೆದು ಹಾಸಿದರು. ನಾನು ಒಲೆಯ ಮುಂದೆ ಕಾಯಿಸಿ ಕಾಯಿಸಿ ಮೇಲೆ ಸಾಗಿಸುತ್ತಿದ್ದೆ. ಎರಡನೆಯ ಪಾತ್ರೆ ತಂದಾಗ ಅತ್ತೆ ಮಣಿಕಟ್ಟು ಹಿಡಿದುಕೊಂಡು ಕೂತಿದ್ದರು.

“ಶೀತಲಾ, ಬಾ ಇಲ್ಲಿ. ಒತ್ತು.”

“ನನಗ ಬರೂದಿಲ್ಲ, ಆಯಿ.”

“ಬರತೈತಿ ಅಂತ ಯಾರ ಅಂದ್ರು? ಒತ್ತು ಅಂದೆ. ಹಿಟ್ಟ ಆರಾಕತ್ತೈತಿ.”

ಹುಡುಗಿ ನನ್ನ ಮುಖ ನೋಡಿದಳು. ನನಗೆ ಮಾತಾಡಲು ಪುರಸೊತ್ತಿರಲಿಲ್ಲ, ಕೆಳಗೆ ಒಲೆ ಉರಿಯುತ್ತಿತ್ತು. ಇಳಿದು ಹೋದೆ. ಮತ್ತೆ ಬಂದಾಗ ಅವಳು ಅಚ್ಚು ಹಿಡಿದು ಕೂತಿದ್ದಳು. ಅವಳ ಮುಂದಿದ್ದ ಸಾಲಿನಲ್ಲಿ ಒಂದೂ ಸುತ್ತು ಕೂಡಿರಲಿಲ್ಲ, ಎಲ್ಲ ತುಂಡು ತುಂಡು. ಕಣ್ಣಲ್ಲಿ ನೀರು ತುಂಬಿತ್ತು.

“ಆಯಿ, ಎಲ್ಲಾ ಹರದ ಹೋದುವು.”

“ಹರೀಲಿ. ಅದು ಕೈ ಪಳಗೂ ಸಾಲು. ಲಗ್ನಾಗಿ ಬಂದ ವರ್ಷ ನಿಮ್ಮವ್ವನೂ ಹರದಾಳ. ಇವತ್ತ ನಾ ಹಾಕಿದ ಮೊದಲನೇ ಸಾಲೂ ನೋಡಲ್ಲಿ.”

ನಿಜವೇ. ನಮ್ಮ ಮನೆಯಲ್ಲಿ ಆ ಸಾಲನ್ನು ಡಬ್ಬಿಗೆ ಹಾಕುವುದಿಲ್ಲ, ಬೀಗರಿಗೂ ಬಡಿಸುವುದಿಲ್ಲ. ಅಂದೇ ಕರಿದು ಮನೆಯವರೇ ತಿನ್ನುತ್ತೇವೆ. ಅತ್ತೆಯ ತುಂಡುಗಳನ್ನೂ ತನ್ನವನ್ನೂ ಶೀತಲ ಬಗ್ಗಿ ಬಗ್ಗಿ ನೋಡಿದಳು. ಕಣ್ಣೊರೆಸಿಕೊಂಡು ಮತ್ತೆ ಅಚ್ಚು ತುಂಬಿದಳು.

ಇಳಿಹೊತ್ತಿಗೆ ಕೊನೆಯ ಸಾಲಿನಲ್ಲಿ ಒಂದೆರಡು ಸುತ್ತು ಕೂಡಿಕೊಂಡಿದ್ದವು. ಬಾಬಾಸಾಹೇಬ ಮಾಳಿಗೆ ಹತ್ತಿ ಬಂದವನೇ ಮೊಬೈಲ್ ತೆಗೆದ.

“ಅಬಬಾ! ನಮ್ಮ ಹುಷಾರ ಹುಡುಗಿ! ಈ ಕಡಿ ನೋಡು, ಸ್ಟೇಟಸ್‌ಗೆ ಹಾಕ್ತೇನಿ.”

“ಕಾಕಾ, ಫೋಟೋ ತಗೀಬ್ಯಾಡ,” ಎಂದು ಅವಳು ಹಿಟ್ಟು ಮೆತ್ತಿದ ಕೈಯನ್ನು ಅಡ್ಡ ಹಿಡಿದಳು. “ನಾ ಇನ್ನೂ ಕಲ್ಯಾಕತ್ತೇನಿ.”

ಬಾಬಾಸಾಹೇಬ ಮೊಬೈಲನ್ನು ಜೇಬಿಗಿಟ್ಟುಕೊಂಡ.

ಹರಿದ ಸಾಲನ್ನು ಸಂಜೆ ಕರಿದೆ. ಉಪ್ಪು ಹೆಚ್ಚಾಗಿತ್ತು, ತಿಂದೆವು. ಸೊಂಟ ಬಿದ್ದುಹೋಗಿತ್ತು. ಬಾಣಲೆ ಇಳಿಸಿ, ನಾಳೆಯ ಲೆಕ್ಕಕ್ಕೆ ಜಾಗ ಮಾಡಬೇಕಲ್ಲ ಎಂದು ಕರಿಹಲಗೆಯ ಕಡೆ ತಿರುಗಿದೆ. ‘ಮುಕ್ಕಾಲು ರೊಟ್ಟಿಯಲ್ಲಿ ಕಾಲು ಭಾಗ ಎಷ್ಟು?’ ಎಂಬ ಲೆಕ್ಕ ನಾಲ್ಕಾರು ದಿನದಿಂದ ಒಂದು ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಅದರ ಕೆಳಗೆ, ಹಿಟ್ಟಿನ ಬೆರಳ ಗುರುತಿನ ಪಕ್ಕ, ‘ಅರ್ಧ’ ಎಂದು ಬರೆದಿತ್ತು.

ಪೂರಾ ತಪ್ಪು. ತಪ್ಪು ಉತ್ತರ ನೋಡಿ ಟೀಚರಮ್ಮ ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳೆಂದರೆ ಯಾರು ನಂಬುತ್ತಾರೆ? ಅಳಿಸಲಿಲ್ಲ ನಾನು. ಹಾಗೇ ಬಿಟ್ಟೆ.