ಎರಡೂ ಮೆಷಿನ್ ನಿಂತಾಗ

ಅತ್ತಿಗೆ ನಾದಿನಿ ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಬಟ್ಟೆ ಹೊಲಿಯುತ್ತಿದ್ದರು. ಅತ್ತಿಗೆಯ ಎಂಟು ತಿಂಗಳ ಮಗಳು ಗುಬ್ಬಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅದಕ್ಕೇ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಯಾರ ಮೆಷಿನ್ ನಿಂತಿರುತ್ತದೋ ಮಗು ಅವರ ಪಾಲು. ಒಬ್ಬಳು ದಾರ ಪೋಣಿಸಲು ನಿಲ್ಲಿಸಿದರೆ ಸಾಕು, ಇನ್ನೊಬ್ಬಳು ಸದ್ದಿನಲ್ಲೇ ತಿಳಿದುಕೊಂಡು ತಲೆ ಎತ್ತದೆ ಹೊಲಿಯುತ್ತಿದ್ದಳು.

ಆ ಬೆಳಿಗ್ಗೆ ಗುಬ್ಬಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಲಗಿತ್ತು. ಹನ್ನೊಂದರ ಹೊತ್ತಿಗೆ ಅತ್ತಿಗೆಯ ಪಾದದಡಿ ನೆಲ ಗುರುಗುಟ್ಟಿತು. ನಾದಿನಿಯ ಕಾಲಿನ ಜೋರು ಎಂದುಕೊಂಡು, "ಮೆಲ್ಲಗೆ ತುಳಿಯೇ, ನೆಲ ತೂತು ಮಾಡ್ತೀಯಾ?" ಎಂದಳು. ನಾದಿನಿ ಕಾಲು ತೆಗೆದಳು. ಇವಳೂ ತೆಗೆದಳು. ಎರಡೂ ಮೆಷಿನ್ ನಿಂತವು, ನೆಲ ನಿಲ್ಲಲಿಲ್ಲ. ಗೋಡೆಯ ಕತ್ತರಿಗಳು ಕಿಣಿಕಿಣಿ ಎಂದವು. ಡಬ್ಬಿ ಜಾರಿ ಬಿದ್ದು ಗುಂಡಿಗಳು ಕೋಣೆ ತುಂಬ ಚೆಲ್ಲಾಪಿಲ್ಲಿಯಾದವು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಬೀದಿಗೆ ಓಡಿದರು.

ಬೀದಿಗೆ ಬೀದಿಯೇ ಹೊರಗೆ ನಿಂತಿತ್ತು. ಎದುರಂಗಡಿಯ ಕ್ಷೌರಿಕನ ಪಕ್ಕದಲ್ಲಿ ಅರ್ಧ ಗಡ್ಡದ ಗಿರಾಕಿ, ನೊರೆ ಸಮೇತ. ತನ್ನ ಕತ್ತಿ ಕಂಡರೆ ಭೂಮಿಗೂ ನಡುಕ ಎಂದು ಕ್ಷೌರಿಕ ಎಲ್ಲರನ್ನೂ ನಗಿಸಲು ನೋಡಿದ. ಆಮೇಲೆ ಇವರಿಬ್ಬರ ಬರಿಗೈ ಕಂಡು ಅವನ ನಗು ಇಳಿಯಿತು.

"ಮಗು ಎಲ್ಲಮ್ಮಾ?"

ಅತ್ತಿಗೆ ನಾದಿನಿಯ ಕಡೆ ನೋಡಿದಳು. ನಾದಿನಿ ಅತ್ತಿಗೆಯ ಕಡೆ ನೋಡುತ್ತಿದ್ದಳು.

ಒಳಗೆ ಹೇಗೆ ಹೋದಳೋ ಅತ್ತಿಗೆಗೆ ನೆನಪಿಲ್ಲ. ಮೇಜಿನ ಕೆಳಗೆ ಗುಬ್ಬಿ ಎಚ್ಚರವಾಗಿ ಮಗುಚಿಕೊಂಡಿತ್ತು. ಉರುಳಿ ಬಂದ ಒಂದು ಗುಂಡಿ ಆಗಲೇ ಬಾಯೊಳಗೆ ಹೋಗಿತ್ತು. ಬೆರಳು ಹಾಕಿ ತೆಗೆದಳು. ಮಗು ಕಿರುಚಿ ಅತ್ತಿತು. ಆ ಅಳು ಕೇಳಿದ ಮೇಲೆಯೇ ಅವಳು ಅದನ್ನು ಎತ್ತಿ ಎದೆಗವಚಿಕೊಂಡದ್ದು.

ಮಧ್ಯಾಹ್ನ ರೇಡಿಯೊದಲ್ಲಿ ಸುದ್ದಿ ಬಂತು. ಕಂಪನ ಕಡಲೊಳಗೆ ಆದದ್ದಂತೆ, ಹಗುರದ್ದಂತೆ, ಯಾರಿಗೂ ಏನೂ ಆಗಿಲ್ಲವಂತೆ. ಅತ್ತಿಗೆ ಇನ್ನೂ ಮಗುವನ್ನು ಕೆಳಗಿಳಿಸಿರಲಿಲ್ಲ. ನಾದಿನಿ ನೆಲದ ಮೇಲೆ ಕೂತು ಗುಂಡಿ ಹೆಕ್ಕುತ್ತಿದ್ದಳು, ಹೆಕ್ಕಿ ಮುಗಿದ ಜಾಗದಲ್ಲೇ ಮತ್ತೆ ತಡಕುತ್ತಿದ್ದಳು. ಎರಡು ಸಲ ಮಗುವಿನ ಕಡೆ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು.

"ನಿಮ್ ಮೆಷಿನ್ ನಿಂತಿತ್ತಲ್ಲ ಅತ್ತಿಗೆ," ಎಂದಳು ಕೊನೆಗೆ, ಮುಖ ಎತ್ತದೆ. "ನೀವು ಎತ್ಕೊಂಡ್ರಿ ಅಂದ್ಕೊಂಡೆ."

ನಿನ್ನದೂ ನಿಂತಿತ್ತು ಎಂಬ ಮಾತು ಅತ್ತಿಗೆಯ ನಾಲಿಗೆ ತುದಿಗೆ ಬಂದಿತ್ತು. ಹೆತ್ತವಳು ತಾನಲ್ಲವೇ ಎನಿಸಿ ನುಂಗಿಕೊಂಡಳು.

"ಹಿಡ್ಕೋ," ಎಂದು ಮಗುವನ್ನು ನಾದಿನಿಯ ಮಡಿಲಿಗೆ ಕೊಟ್ಟಳು. ಗುಬ್ಬಿಯ ಪಾದ ಹಿಡಿದ ಕೈ ಮಾತ್ರ ಬಿಡಲು ಒಪ್ಪಲಿಲ್ಲ. ಹಾಗೇ ಪಕ್ಕದಲ್ಲಿ ಕೂತುಬಿಟ್ಟಳು.