ಪ್ಯಾಕೆಟ್ಟಿನ ಮೇಲಿನ ನಾಲ್ಕು ಎಕರೆ

"ಮೂತಿ ತೊಳ್ಕಂಡು ಬಾರೇ ಮುಂಡೆ. ಪ್ಯಾಕೆಟ್ ಮೇಲಿರೋದು ಇದೇ ಮೂತಿ ಅಂದ್ರೆ ಯಾರಾದ್ರೂ ನಂಬ್ತಾರೇನೇ?"

ಮಿಲ್ಲಿನ ಯಜಮಾನ ಮುಕುಂದಯ್ಯ ಬೈದದ್ದು ನಮ್ಮತ್ತೆ ಕನ್ನಮ್ಮನನ್ನು. ಅತ್ತೆಯ ಮುಖದ ಮೇಲೆ ಜೋಳದ ಹಿಟ್ಟು ಒಂದು ಪದರ ಕೂತಿತ್ತು. ಪಕ್ಕದಲ್ಲಿ ಪೇರಿಸಿದ್ದ ಪ್ಯಾಕೆಟ್ಟುಗಳ ಮೇಲೆ ಅದೇ ಮುಖ ನಗುತ್ತಿತ್ತು. ಸುತ್ತ ಚಿತ್ತಾರದ ಅಂಚು, ಕೆಳಗೆ ದಪ್ಪ ಅಕ್ಷರ: ‘ಶುದ್ಧ ನೈಸರ್ಗಿಕ. ಮಲೆನಾಡಿನ ನಾಟಿ ಮೆಕ್ಕೆಜೋಳದ ಹಿಟ್ಟು. ಕನ್ನಮ್ಮನ ಹೊಲದಿಂದ ನಿಮ್ಮ ಮನೆಗೆ.’ ಕನ್ನಮ್ಮನಿಗೆ ಹೊಲವಿರಲಿ, ಉಚ್ಚೆಗೆ ಕೂರಲು ಸ್ವಂತದ್ದೊಂದು ಗೇಣು ಜಾಗವಿರಲಿಲ್ಲ.

ಬ್ಯಾಕೋಡಿನ ಈ ಮಿಲ್ಲಿನಲ್ಲಿ ನಾವು ಹತ್ತು ಹೆಂಗಸರು. ಹಿನ್ನೀರಿಗೆ ಸೇತುವೆ ಆದಮೇಲೆ ಲಾರಿಗಳಿಗೆ ಲಾಂಚು ಕಾಯುವ ಕಷ್ಟ ತಪ್ಪಿದೆ, ಬಂದರಿನಿಂದ ನೇರ ಬರುತ್ತವೆ. ಹಡಗಿನಲ್ಲಿ ಬಂದ ಮೆಕ್ಕೆಜೋಳ. ಚೀಲದ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಮೊದಲ ದಿನವೇ ಓದಿದ್ದೆ. ಪಿಯುಸಿ ಫೇಲಾದರೂ ಅಷ್ಟು ಬರುತ್ತದೆ. ಕುಲಾಂತರಿ ಜೋಳ, ಜಾನುವಾರು ಮೇವಿಗೆ ಮಾತ್ರ. ನಾವು ಚೀಲ ಬಿಚ್ಚಿ ಸುರಿಯುತ್ತೇವೆ, ಹಿಟ್ಟು ತುಂಬುತ್ತೇವೆ, ಮೇಲೆ ಅತ್ತೆಯ ಮುಖ ಅಂಟಿಸುತ್ತೇವೆ. ಖಾಲಿ ಚೀಲವೆಲ್ಲ ಸಂಜೆಯೊಳಗೆ ಸುಟ್ಟು ಬೂದಿಯಾಗಬೇಕು. ಸೋರುವ ಮಾಡಿಗೆ ಹೊದಿಸಲು ಒಂದು ಚೀಲ ಒಯ್ದ, ಇದ್ದೊಬ್ಬ ಗಂಡಾಳು ಜಟ್ಟಿಂಗಪ್ಪನಿಗೆ ಮಾರನೇ ದಿನ ಕೆಲಸವಿರಲಿಲ್ಲ.

"ಕುಲಾಂತರಿ ಅಂದ್ರೆ ಎಂತದೇ ಕುಮುದಾ?" ಎಂದು ಅತ್ತೆ ಅವತ್ತೇ ಕೇಳಿದ್ದಳು.

"ಬೀಜದ ಹುಟ್ಟುಗುಣನೇ ಬದಲಾಯ್ಸಿದ್ದು. ಕಂಪ್ನಿಯೋರು ಮಾಡದು."

"ತಿಂದ್ರೆ ಸಾಯ್ತಾರಾ?"

"ಗೊತ್ತಿಲ್ಲತ್ತೆ. ಸಾಯಲ್ವೇನೋ."

"ಮತ್ತೆ ಇದ್ದದ್ದು ಇದ್ದಂಗೆ ಬರುದ್ರೆ ಎಂತ ರೋಗ ಇವಕ್ಕೆ?"

"ಬರುದ್ರೆ ಯಾರು ತಗಳ್ತಾರೆ?"

ಈಗ ಅತ್ತೆ ಮುಖ ತೊಳೆದು ಬಂದಳು. ಮುಕುಂದಯ್ಯ ಮೇಜಿನ ಮೇಲೆ ಛಾಪಾ ಕಾಗದ ಇಟ್ಟ.

"ನಾಳೆ ಬೆಂಗಳೂರಿಂದ ನಮ್ಮ ಹಿಟ್ಟು ಮಾರೋ ಕಂಪ್ನಿ ಮೇಡಂ ಬರ್ತಾರೆ. ಜೋಳ ಬೆಳೆದವಳು ಬರ್ದು ಕೊಡ್ಬೇಕಂತೆ. ಸೈನ್ ಹಾಕು."

ನಾನು ಗಟ್ಟಿಯಾಗಿ ಓದಿದೆ. ಮಿಲ್ಲಿನ ಹಿಂದಿನ ನಾಲ್ಕು ಎಕರೆ ಹಕ್ಕಲು ಒಣಭೂಮಿಯನ್ನು ಮುಕುಂದಯ್ಯ ಕನ್ನಮ್ಮನಿಗೆ ಬಿಟ್ಟುಕೊಟ್ಟಿದ್ದಾನೆ, ಅದು ಅವಳ ಸ್ವಾಧೀನದಲ್ಲಿದೆ, ಅವಳು ಅಲ್ಲಿ ನಾಟಿ ಬೀಜ ಮಾತ್ರ ಬಿತ್ತುತ್ತಾಳೆ. ಕೆಳಗೆ ಅವನ ಸಹಿ ಆಗಲೇ ಬಿದ್ದಿತ್ತು.

"ಅಯ್ಯಾ, ಮನೆ ಜಾಗದ ಹಕ್ಕುಪತ್ರಕ್ಕೆ ಅರ್ಜಿ ಹಾಕೀನಿ" ಎಂದಳು ಅತ್ತೆ. "ಅದ್ರಾಗೆ ನಂಗೆ ಭೂಮಿ ಇಲ್ಲ ಅಂತ ಬರ್ಸೀನಿ. ಇದಕ್ಕೆ ರುಜು ಹಾಕಿದ್ರೆ ಅದು ಹೋತದಲ್ಲ."

"ಹಾಕದಿದ್ರೆ ಉಳೀತದೇನು? ಪಂಚಾಯ್ತಿ ಮೆಂಬರು ಯಾರೇ, ನಿಮ್ಮಪ್ಪನಾ? ನಾನು ಒಂದು ಮಾತು ಹೇಳಿದ್ರೆ ನಿನ್ನ ಗುಡಿಸ್ಲು ಜೆಸಿಬಿ ಬಾಯಿಗೆ."

ನಮ್ಮ ಗುಡಿಸಲು ಸರ್ಕಾರಿ ಜಾಗದಲ್ಲಿದೆ. ಅತ್ತೆಯ ಅಪ್ಪ ಉಳುತ್ತಿದ್ದ ಗದ್ದೆ ಹಿನ್ನೀರಿನಲ್ಲಿ ಮುಳುಗಿತು. ಪರಿಹಾರವೆಲ್ಲ ಒಡೆಯನ ಪಾಲಿಗೆ ಹೋಯಿತು, ಗೇಣಿಯವನಿಗೆ ಗಂಜಿ ನೀರೂ ಸಿಗಲಿಲ್ಲ. ಅಲ್ಲಿಂದ ಈಚೆಗೆ ಮೂರು ಕಡೆ ಗುಡಿಸಲು ಹಾಕಿ ಮೂರು ಕಡೆಯೂ ಕೀಳಿಸಿಕೊಂಡಿದ್ದೇವೆ. ಅತ್ತೆಯ ಮಗ, ನನ್ನ ಗಂಡ ಕಾಂತರಾಜ ಸತ್ತಾಗ ಹೆಣ ಇಡುವ ಜಾಗಕ್ಕೂ ಕಂಡವರ ಕಾಲು ಹಿಡಿದೆವು. ಈಗ ಸಹಿ ಹಾಕಿದರೂ ಮನೆ ಹೋಗುತ್ತದೆ, ಹಾಕದಿದ್ದರೂ ಹೋಗುತ್ತದೆ.

"ಇನ್ನೊಂದ್ಸಲ ಓದೇ" ಎಂದಳು ಅತ್ತೆ. ಓದಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಆಮೇಲೆ ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು.

ಮಾರನೇ ದಿನ ಬಂದ ಮೇಡಂ ಹೆಸರು ಮೇಘನಾ. ಹಕ್ಕಲನ್ನು ಟ್ರ್ಯಾಕ್ಟರಿನಲ್ಲಿ ಉತ್ತು ತಯಾರು ಮಾಡಿದ್ದರು. ಅತ್ತೆಗೆ ಹೊಸ ಸೀರೆ ಉಡಿಸಿ, ತಲೆಯ ಮೇಲೆ ಭೂಮಿ ಹುಣ್ಣಿಮೆಯ ಬುಟ್ಟಿ ಹೊರಿಸಿದರು. ಪೈರು ಹೊಡೆ ತುಂಬಿದಾಗ ಬಸುರಿ ಭೂಮಿಗೆ ಬಯಕೆಯ ಅನ್ನ ಬೀರುವ ಬುಟ್ಟಿ ಅದು. ಆ ಹಬ್ಬ ಬರಲು ಇನ್ನೂ ಆರು ತಿಂಗಳಿತ್ತು.

"ಒಣ ಮಣ್ಣು ಅಯ್ಯಾ. ಈಗ ಯಾರು ಬಸ್ರಿ ಅಂತ ಉಣ್ಸದು?"

"ಕ್ಯಾಮರಾಕ್ಕೆ ಉಣ್ಸು" ಎಂದು ಮುಕುಂದಯ್ಯ ಹಲ್ಲು ಕಚ್ಚಿಕೊಂಡು ಹೇಳಿದ.

ಅತ್ತೆ ಅನ್ನ ಬೀರಿದಳು. ಮೇಡಂಗೆ ಸಾಲಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ, ನಗುನಗುತ್ತಾ. ನನಗೆ ತಡೆಯಲಾಗಲಿಲ್ಲ.

"ಮೇಡಂ, ಮಿಲ್ಲಲ್ಲಿರೋ ಜೋಳದ ಚೀಲ ಒಂದ್ಸಲ ನೋಡಿ. ಅದ್ರ ಮೇಲೆ ಬರ್ದಿರದು..."

ಮುಕುಂದಯ್ಯನ ಬೂಟು ನನ್ನ ಬರಿಗಾಲಿನ ಮೇಲೆ ಬಂದು ಕೂತಿತು. ಮೇಡಂ ವಿಡಿಯೋ ತೆಗೆಯುತ್ತಿದ್ದ ಫೋನಿನಿಂದ ಕಣ್ಣು ತೆಗೆಯಲಿಲ್ಲ.

"ಅದು ಬೇರೆ ಡಿಪಾರ್ಟ್‌ಮೆಂಟ್ ನೋಡ್ಕೊಳ್ಳುತ್ತಮ್ಮ. ನಂಗೆ ರೈತರ ಸ್ಟೋರಿ ಸಾಕು. ಕನ್ನಮ್ಮ, ಇಲ್ಲಿ ನೋಡಿ. ಈ ಹೊಲ ನಿಮ್ಮದೇ ಅಲ್ವಾ?"

ಅತ್ತೆ ತಲೆಯ ಮೇಲಿನ ಬುಟ್ಟಿ ಇಳಿಸಿದಳು. ಬೂಟು ಇನ್ನಷ್ಟು ಒತ್ತಿತು. ಈಗ ನಿಜ ಬಾಯಿ ಬಿಟ್ಟಳೆಂದರೆ ನಮಗೆ ಇವತ್ತೇ ಬೀದಿ.

"ನಂದೇ" ಎಂದಳು ಅತ್ತೆ. "ನಮ್ಮಯ್ಯನೋರೇ ಬಿಟ್ಟು ಕೊಟ್ಟಿದ್ದು. ನಾ ಹೇಳಿದ್ರೆ ಎಂತ ಬೆಲೆ? ಅವ್ರ ಬಾಯಿಂದನೇ ಹೇಳಿಸ್ಕಳಿ ಮೇಡಂ."

ಫೋನು ಮುಕುಂದಯ್ಯನ ಕಡೆ ತಿರುಗಿತು. ಅವನು ಕಾಲು ತೆಗೆದು ನಗೆ ತಂದುಕೊಂಡ.

"ಹೌದೌದು, ಅವರದ್ದೇ. ನಾಲ್ಕು ಎಕರೆ. ಬಡವರು ಬೆಳೀಲಿ ಅಂತ."

ಹೊರಡುವಾಗ ಮೇಡಂ ಕಾಗದದ ಒಂದು ಪ್ರತಿಯನ್ನು ಅತ್ತೆಯ ಕೈಗೇ ಕೊಟ್ಟಳು. ರೈತರ ಹತ್ತಿರ ಒಂದಿರಬೇಕಂತೆ, ಕಂಪನಿ ರೂಲಂತೆ. ಮುಕುಂದಯ್ಯ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಮಿಲ್ಲಿನ ಹೊತ್ತಾದರೂ ಅತ್ತೆ ಹೊರಡಲಿಲ್ಲ. ಗುಡಿಸಲಿನ ಗಳ ಬಿಚ್ಚುತ್ತಿದ್ದಳು.

"ತಲೆ ಕೆಟ್ಟೈತಾ ಅತ್ತೆ?"

"ಅವ್ನು ಕೀಳಿಸೋಕೆ ಮುಂಚೆ ನಾವೇ ಕಿತ್ಕಂಡು ಹೋಗನ. ಹಿಡಿ ಆ ಕಡೆ."

ಮಿಲ್ಲಿಗೆ ಹೊರಟಿದ್ದ ಹೆಂಗಸರು ನಿಂತು ನೋಡಿದರು. ಒಬ್ಬಳು ಸೋಗೆ ಹೊತ್ತಳು, ಇನ್ನೊಬ್ಬಳು ಒಲೆಕಲ್ಲು. ಬಿಸಿಲೇರುವ ಹೊತ್ತಿಗೆ ಹತ್ತೂ ಜನ ಹಕ್ಕಲಲ್ಲಿದ್ದೆವು. ಅತ್ತೆ ಹಾರೆಯಲ್ಲಿ ಗುಂಡಿಗಳನ್ನು ತೋಡಿ ಮೊದಲ ಗಳ ನೆಟ್ಟಳು.

ಮುಕುಂದಯ್ಯ ಪಂಚೆ ಎತ್ತಿಕೊಂಡು ಓಡಿ ಬಂದ. "ಯಾವ ಸೂಳೆ ಮಗಳು ಹೇಳಿದ್ಲೇ ಇಲ್ಲಿ ಕಾಲಿಡೋಕೆ? ಕೀಳೇ ಅದನ್ನ. ಪೊಲೀಸ್ನೋರನ್ನ ಕರೆಸಿ ಒದೆಸ್ತೀನಿ."

ಅತ್ತೆ ಹಾರೆ ಊರಿ ನಿಂತಳು.

"ಕರೆಸು. ‘ಹಕ್ಲು ನಂದು, ಕನ್ನಮ್ಮ ಇಲ್ಲಿ ಒಂದು ಕಾಳೂ ಬೆಳ್ದಿಲ್ಲ’ ಅಂತ ಹೇಳು. ಕಾಗ್ದ ಸುಳ್ಳು, ಮೇಡಂಗೆ ಹೇಳಿದ್ದು ಸುಳ್ಳು ಅಂತ ಹೇಳು. ಆಗ ಕೇಳ್ತಾರೆ, ಹಂಗಾದ್ರೆ ಈ ಜೋಳ ಎಲ್ಲಿಂದ ಬಂತು ಅಂತ. ಅದ್ಕೂ ಒಂದು ಉತ್ರ ಇಟ್ಕ."

ಅತ್ತೆ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ನಾನು ಕೇಳಿದ್ದು ಅದೇ ಮೊದಲು. ಬಹುಶಃ ಅವನು ಕೇಳಿದ್ದೂ.

ಮಿಲ್ಲಿನ ಗೇಟಿನಲ್ಲಿ ಲಾರಿಯೊಂದು ಹಾರ್ನು ಬಾರಿಸುತ್ತಲೇ ಇತ್ತು. ಚೀಲ ಇಳಿಸಿಕೊಳ್ಳಲು ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಮುಕುಂದಯ್ಯ ಫೋನು ತೆಗೆದ, ನಂಬರು ಹುಡುಕಿದ, ಹೆಬ್ಬೆರಳು ಅದರ ಮೇಲೆ ಹಿಡಿದುಕೊಂಡು ನಿಂತ.

"ಅಯ್ಯ ಪುರ್ಸೊತ್ತಾಗಿ ಫೋನ್ ಮಾಡ್ಲಿ" ಎಂದಳು ಅತ್ತೆ. "ಕುಮುದಾ, ಆ ಎರಡ್ನೇ ಗಳ ಕೊಡು."

ಗಳ ಎತ್ತಿ ಗುಂಡಿಗೆ ಇಳಿಸಿದೆ. ಅತ್ತೆ ಬುಡಕ್ಕೆ ಮಣ್ಣು ದಬ್ಬಿ ತುಳಿಯತೊಡಗಿದಳು.